ಮೊಲದ ಸಾರು ಮಾಡಿದೆ, ಖಂಡ ನಾರಾಯಿತು. ಎಲ್ಲಿ ತಪ್ಪಿದೆ?

ಸಪ್ತಾಪುರ ಬಾಡಿಗೆದಾರ:

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. ನನ್ನ ಗೆಳೆಯ ಕಲಘಟಗಿ ಕಡೆ ಮೊಲ ಸಾಕಿದ್ದಾನೆ. ಹೋದ ವಾರ ಒಂದನ್ನು ಕೊಯ್ದು ಸ್ವಚ್ಛ ಮಾಡಿ ಕೊಟ್ಟ, ಜೀವಂತ ಇದ್ದಾಗ ಎರಡು ಕೇಜಿ ಮೇಲಿತ್ತಂತೆ, ಕೈಗೆ ಬಂದಾಗ ಒಂದು ಕೇಜಿ ಚಿಲ್ಲರೆ. ನನ್ನ ಹೆಂಡತಿ ಮೊಲ ಮುಟ್ಟುವುದಿಲ್ಲ, ಹಾಗಾಗಿ ಒಲೆ ಮುಂದೆ ನಾನೇ. ಮಟನ್ ಸಾರು ಮಾಡಿ ರೂಢಿ ಇದೆ, ಅದೇ ಲೆಕ್ಕದಲ್ಲಿ ಕತ್ತಿಯಿಂದ ಸಣ್ಣ ಸಣ್ಣ ತುಂಡು ಹೊಡೆದು, ಉಳ್ಳಾಗಡ್ಡಿ, ಅಲ್ಲ (ಹಸಿಶುಂಠಿ), ಬಳ್ಳೊಳ್ಳಿ, ಮನೆಯ ಮಸಾಲೆ ಖಾರ ಹಾಕಿ ಕುಕ್ಕರ್‌ನಲ್ಲಿ ಏಳು ಸೀಟಿ ಹೊಡೆಸಿದೆ.

ಮುಚ್ಚಳ ತೆಗೆದರೆ ಬೇಜಾರು. ಬೆನ್ನಿನ ಖಂಡ ಕೊಬ್ಬರಿ ನಾರಿನ ಹಾಗೆ ಎಳೆ ಎಳೆ. ಎಷ್ಟು ಅಗಿದರೂ ಬಾಯಲ್ಲೇ ಇರುತ್ತದೆ. ರಸ ನೀರು ನೀರು, ಮೇಲೆ ಒಂದು ಹನಿ ಎಣ್ಣೆ ತೇಲಲಿಲ್ಲ. ಅದರ ಮೇಲೆ ಎಲುಬಿನ ಚೂರು, ಸೂಜಿ ಹಾಗೆ, ನನಗೆ ವಸಡಿಗೆ ಚುಚ್ಚಿತು. ರೊಟ್ಟಿ ಮಾತ್ರ ಚೆನ್ನಾಗಿತ್ತು, ಅದು ಖಾನಾವಳಿಯಿಂದ ತಂದದ್ದು.

ಈ ಭಾನುವಾರ ಇನ್ನೊಂದು ಕೊಡುತ್ತೇನೆ ಅಂದಿದ್ದಾನೆ. ನನಗೆ ಬೇಕಿರುವುದು ಗಟ್ಟಿ ರಸ, ಬಿಸಿ ಜೋಳದ ರೊಟ್ಟಿ ಮುರಿದು ಅದ್ದಿದರೆ ಹಿಡಿದುಕೊಳ್ಳಬೇಕು, ಖಂಡ ಎಲುಬಿನಿಂದ ಸುಮ್ನೆ ಜಾರಬೇಕು. ಮಾಡಿದವರು ಯಾರಾದರೂ ಇದ್ದರೆ ಹೇಳಿ. ವಿಡಿಯೋ ಲಿಂಕ್ ಬೇಡ, ನೋಡಿ ನೋಡಿ ಸಾಕಾಗಿದೆ.

ಬೆಟಗೇರಿ ಅಕ್ಕ:

ತಮ್ಮಾ, ಏಳು ಸೀಟಿ ಯಾಕೆ? ಅದು ಮೊಲ, ಮುದಿ ಟಗರಲ್ಲ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೋ. ಮೊಲದ ಖಂಡದಲ್ಲಿ ಕೊಬ್ಬು ತೀರಾ ಕಡಿಮೆ. ಮಟನ್‌ನಲ್ಲಿ ಖಂಡದ ನಡುವೆಯೇ ಕೊಬ್ಬು ಇರುತ್ತದೆ, ಬೇಯುವಾಗ ಅದು ಕರಗಿ ಖಂಡವನ್ನು ಮೆತ್ತಗೆ ಇಡುತ್ತದೆ, ರಸದ ಮೇಲೂ ತೇಲುತ್ತದೆ. ಮೊಲಕ್ಕೆ ಆ ಆಸರೆ ಇಲ್ಲ. ನೀನು ಎಣ್ಣೆಯನ್ನು ಮಟನ್ ಅಳತೆಯಲ್ಲೇ ಹಾಕಿರುತ್ತೀಯ, ಅದಕ್ಕೇ ರಸ ಬೋಳು. ಇನ್ನು ಕುಕ್ಕರ್‌ನ ಜೋರು ಶಾಖಕ್ಕೆ ಬೆನ್ನಿನ ಖಂಡದ ನೀರೆಲ್ಲ ಹಿಂಡಿ ಹೋಯಿತು, ಉಳಿದದ್ದು ನಾರು.

ಕತ್ತಿಯಿಂದ ಹೊಡೆಯಬೇಡ. ಮೊಲದ ಎಲುಬು ತೆಳ್ಳಗೆ, ಹೊಡೆತಕ್ಕೆ ಸೀಳುತ್ತದೆ, ಆ ಚೂರೇ ನಿನಗೆ ಚುಚ್ಚಿದ್ದು. ಸಣ್ಣ ಚಾಕು ತಗೊಂಡು ಕೀಲು ಹುಡುಕಿ ಬಿಡಿಸು. ಹಿಂಗಾಲು ಎರಡು, ಒಂದೊಂದನ್ನು ಮೊಣಕಾಲಿನ ಹತ್ತಿರ ಎರಡು ಮಾಡು. ಮುಂಗಾಲು ಮೈಗೆ ಸೇರುವಲ್ಲಿ ಕೀಲೇ ಇಲ್ಲ, ಬರೀ ಖಂಡದಿಂದ ಅಂಟಿಕೊಂಡಿರುತ್ತದೆ, ಚಾಕು ಹಾಗೇ ಒಳಗೆ ಹೋಗುತ್ತದೆ. ಬೆನ್ನನ್ನು ಮೂರು ತುಂಡು ಮಾಡು, ಬೆನ್ನುಮೂಳೆಯ ಗೆಣ್ಣು ನೋಡಿ. ಪಕ್ಕೆಲುಬಿನ ಗೂಡಿನಲ್ಲಿ ಖಂಡ ಕಡಿಮೆ, ಅದನ್ನು ರಸಕ್ಕೆ ಬಿಡು. ಬೆನ್ನಿನ ಮೇಲೆ ಬೆಳ್ಳಿ ಹಾಗೆ ಹೊಳೆಯುವ ತೆಳ್ಳನೆ ಪೊರೆ ಇರುತ್ತದೆ, ಉಗುರು ಹಾಕಿ ಎಳೆದರೆ ಬರುತ್ತದೆ. ಅದನ್ನು ಬಿಟ್ಟರೆ ಬೇಯುವಾಗ ಖಂಡ ಮುದುರಿಕೊಳ್ಳುತ್ತದೆ.

ಕಲೇಜಾ ಇದ್ದರೆ ಪಿತ್ತದ ಚೀಲ ಒಡೆಯದ ಹಾಗೆ ತೆಗೆ. ಹಸಿರು ಹನಿ ಒಂದು ಬಿದ್ದರೂ ಕಹಿ. ಕಲೇಜಾ ಮೇಲೆ ಬಿಳಿ ಚುಕ್ಕೆ, ಗಂಟು ಕಂಡರೆ ಎಸೆದುಬಿಡು, ಅದು ಮೊಲಕ್ಕೆ ಬರುವ ಒಂದು ರೋಗದ ಗುರುತು.

ಹಿಂದಿನ ರಾತ್ರಿಯೇ ಒಂದು ಬಟ್ಟಲು ಮೊಸರು, ಅರಿಶಿಣ, ಉಪ್ಪು, ಜಜ್ಜಿದ ಅಲ್ಲ ಬಳ್ಳೊಳ್ಳಿ ಸವರಿ ಫ್ರಿಜ್‌ನಲ್ಲಿ ಇಡು. ವಾಸನೆಯ ಚಿಂತೆಯೂ ಇರುವುದಿಲ್ಲ, ಖಂಡವೂ ಮೆತ್ತಗಾಗುತ್ತದೆ.

ಮಸಾಲೆಗೆ ಬರೋಣ. ಒಂದು ಕೇಜಿಗೆ ದೊಡ್ಡ ಉಳ್ಳಾಗಡ್ಡಿ ನಾಲ್ಕು. ಎರಡನ್ನು ಸಿಪ್ಪೆ ಸಮೇತ ಗ್ಯಾಸ್ ಉರಿಯ ಮೇಲೆ ಇಟ್ಟು ಸುಡು, ಹೊರಗೆ ಕರ್ರಗೆ ಆಗಿ ಒಳಗಿಂದ ರಸ ಬುಸ್ ಎನ್ನಬೇಕು. ಅರ್ಧ ಬಟ್ಟಲು ಒಣ ಕೊಬ್ಬರಿಯನ್ನು ಇಡಿಯಾಗಿಯೇ ಉರಿಗೆ ಹಿಡಿ, ಅಂಚು ಹೊತ್ತಿಕೊಂಡರೆ ಊದಿ ಆರಿಸು. ಹೆದರಬೇಡ, ಆ ಸುಟ್ಟ ವಾಸನೆಯೇ ನಮ್ಮ ಕಡೆಯ ರಸದ ಜೀವ. ಎರಡು ಚಮಚ ಕೊತ್ತಂಬರಿ ಕಾಳು, ಒಂದು ಚಮಚ ಜೀರಿಗೆ, ಒಂದು ಚಮಚ ಗಸಗಸೆ, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ, ಸ್ವಲ್ಪ ಕಲ್ಲುಹೂವು ಬೆಚ್ಚಗೆ ಹುರಿ. ಬ್ಯಾಡಗಿ ಹತ್ತು ಹನ್ನೆರಡು ಬಿಸಿನೀರಿನಲ್ಲಿ ನೆನೆಸಿರು. ಎಲ್ಲ ಸೇರಿಸಿ ನುಣ್ಣಗೆ ರುಬ್ಬು. ಗಟ್ಟಿ ರಸ ಬೇಕು ಅಂದೆಯಲ್ಲ, ಅದು ಕೊಬ್ಬರಿ, ಗಸಗಸೆ, ಸುಟ್ಟ ಉಳ್ಳಾಗಡ್ಡಿಯಿಂದ ಬರುತ್ತದೆ. ಹಿಟ್ಟು ಕಲಸಿ ಹಾಕಿದರೆ ಬರುವುದಿಲ್ಲ.

ದಪ್ಪ ತಳದ ಬೋಗುಣಿ ತಗೋ. ಶೇಂಗಾ ಎಣ್ಣೆ ಮುಕ್ಕಾಲು ಬಟ್ಟಲು, ಹೌದು, ಮುಕ್ಕಾಲು. ಹಿಂಗಾಲು ಮುಂಗಾಲುಗಳನ್ನು ಮೊಸರು ಒರೆಸಿ ಕೆಂಪಗೆ ಹುರಿದು ತೆಗೆ. ಅದೇ ಎಣ್ಣೆಗೆ ಉಳಿದ ಉಳ್ಳಾಗಡ್ಡಿ, ಆಮೇಲೆ ರುಬ್ಬಿದ ಮಸಾಲೆ. ಮಸಾಲೆ ಎಣ್ಣೆ ಬಿಡುವ ತನಕ ಕೈ ಬಿಡಬೇಡ, ಹದಿನೈದು ನಿಮಿಷ ಬೇಕು. ಆಮೇಲೆ ಕಾಲುಗಳು, ಪಕ್ಕೆಲುಬು, ಉಳಿದ ಮೊಸರು, ಖಂಡ ಮುಳುಗುವಷ್ಟು ಬಿಸಿನೀರು. ತಣ್ಣೀರು ಹಾಕಬೇಡ. ಬೋಗುಣಿ ಮೇಲೆ ತಾಟು ಮುಚ್ಚಿ ತಾಟಿನಲ್ಲಿ ನೀರು ಹಾಕು. ಒಳಗಿನ ಹಬೆ ತಾಟಿಗೆ ತಾಗಿ ಮತ್ತೆ ಕೆಳಗೆ ಹನಿಯುತ್ತದೆ, ಮೇಲಿನ ನೀರು ಬಿಸಿಯಾಗಿ ಕಾಯುತ್ತಿರುತ್ತದೆ, ರಸ ಕಡಿಮೆ ಆದರೆ ಅದನ್ನೇ ಸುರಿ. ನಮ್ಮ ಅತ್ತೆ ಹೀಗೇ ಮಾಡುತ್ತಿದ್ದರು, ಕುಕ್ಕರ್ ಮನೆಗೆ ಬಂದ ಮೇಲೂ ಮೊಲಕ್ಕೆ, ಊರಕೋಳಿಗೆ ಬೋಗುಣಿಯೇ.

ಸಣ್ಣ ಉರಿ, ಒಂದು ತಾಸು. ಕುದಿ ಗುಳು ಗುಳು ಅನ್ನಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಸಾಕು. ಬೆನ್ನಿನ ತುಂಡು ಕೊನೆಯ ಅರ್ಧ ತಾಸು ಇದೆ ಅನ್ನುವಾಗ ಹಾಕು. ನೀನು ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇ ದೊಡ್ಡ ತಪ್ಪು. ಕಾಲು ದಿನವೆಲ್ಲ ಓಡಾಡಿದ ಖಂಡ, ಅದರಲ್ಲಿ ನರ ಪೊರೆ ಜಾಸ್ತಿ, ನಿಧಾನ ಬೇಯಿಸಿದರೆ ಅದೇ ಕರಗಿ ರಸಕ್ಕೆ ಅಂಟು ಕೊಡುತ್ತದೆ. ಬೆನ್ನು ಹಾಗಲ್ಲ.

ಹಳೇ ಹುಬ್ಬಳ್ಳಿ ಹುರಿಗಾಳು:

ಒಂದು ನಿಮಿಷ. ಮೊಲ ತಿನ್ನುವುದು ಅಪರಾಧ ಅಲ್ವಾ? ನಮ್ಮ ಪರಿಚಯದವರೊಬ್ಬರನ್ನು ಅರಣ್ಯ ಇಲಾಖೆಯವರು ಹಿಡಿದಿದ್ದರು. ಸುಮ್ನೆ ಇಲ್ಲಿ ಬರೆದು ಸಿಕ್ಕಿಹಾಕಿಕೊಳ್ಳಬೇಡಿ ಅಂತ ಹೇಳಿದೆ ಅಷ್ಟೇ.

ಗೂಡಿನ ಗೌಡ:

ಹುರಿಗಾಳು ಅಣ್ಣ ಕೇಳಿದ್ದು ಸರಿ ಇದೆ, ಎಲ್ಲರೂ ಎರಡನ್ನೂ ಬೆರೆಸುತ್ತಾರೆ. ಸಾಕಿದ ಮೊಲ ಬೇರೆ, ಕಾಡು ಮೊಲ ಬೇರೆ. ಬಣ್ಣ ಬೇರೆ ಅಂತ ಹೇಳುತ್ತಿಲ್ಲ, ಜಾತಿಯೇ ಬೇರೆ. ಸಾಕಿದ ಮೊಲದ ಮರಿ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ, ತಾಯಿ ತನ್ನ ಹೊಟ್ಟೆಯ ಕೂದಲು ಕಿತ್ತು ಹಾಸಿಗೆ ಮಾಡಿರುತ್ತದೆ. ಕಾಡು ಮೊಲದ ಮರಿ ಕೂದಲು ಸಮೇತ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ, ಬಯಲಲ್ಲೇ. ಖಂಡ ನೋಡಿದರೂ ಗೊತ್ತಾಗುತ್ತದೆ, ಸಾಕಿದ್ದು ಕೋಳಿ ಹಾಗೆ ಬಿಳಿ, ಕಾಡಿನದು ಕಡು ಕೆಂಪು.

ಕಾಡು ಮೊಲ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಒಳಗೆ ಬರುತ್ತದೆ. ಹಿಡಿಯುವುದು, ಮಾರುವುದು, ತಿನ್ನುವುದು ಎಲ್ಲ ಅಪರಾಧ, ಜೈಲೂ ಇದೆ ದಂಡವೂ ಇದೆ. ಅಜ್ಜನ ಕಾಲದಲ್ಲಿ ಯುಗಾದಿ ಮುಗಿಸಿ ಬಲೆ, ಬಡಿಗೆ, ನಾಯಿ ಹಿಡಿದು ಊರೇ ಹೋಗುತ್ತಿತ್ತು ಅನ್ನುವ ಕಥೆ ಎಲ್ಲರ ಮನೆಯಲ್ಲೂ ಇದೆ, ಅದನ್ನು ಈಗ ಮಾಡಿದರೆ ಕೇಸು. ಕಪ್ಪತಗುಡ್ಡದ ಕಡೆಯಿಂದ ತಂದದ್ದು, ರಾಣೇಬೆನ್ನೂರು ಕಡೆ ಸಿಕ್ಕಿದ್ದು ಅಂತ ಯಾರಾದರೂ ಗೋಣಿಚೀಲದಲ್ಲಿ ತೋರಿಸಿದರೆ ಮುಟ್ಟಬೇಡಿ. ಸಾಕಿದ ಮೊಲಕ್ಕೆ ಆ ತೊಂದರೆ ಇಲ್ಲ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ತಳಿಗಳನ್ನು ಖಂಡಕ್ಕಾಗಿಯೇ ಸಾಕುತ್ತಾರೆ.

ನಾನೂ ಸಾಕಿದ್ದೆ, ಅದೂ ಒಂದು ಕಥೆ. ಒಂದು ಕಂಪನಿಯವರು ಬಂದು ಏಳು ಹೆಣ್ಣು ಮೂರು ಗಂಡು ಸೇರಿ ಒಂದು ಯೂನಿಟ್, ಮರಿಗಳನ್ನು ನಾವೇ ವಾಪಸ್ ಕೊಳ್ಳುತ್ತೇವೆ ಅಂತ ಕಾಗದ ಬರೆದು ಕೊಟ್ಟರು. ತಿಂಗಳಿಗೊಮ್ಮೆ ಮರಿ ಹಾಕುವ ಪ್ರಾಣಿ, ಲೆಕ್ಕ ಹಾಕಿದರೆ ಕಣ್ಣು ಕುಕ್ಕುತ್ತದೆ. ಎರಡು ಸಲ ಕೊಂಡರು. ಮೂರನೇ ಸಲ ಫೋನ್ ಎತ್ತಲಿಲ್ಲ. ಮನೆಯ ಹಿಂದೆ ಅರವತ್ತಕ್ಕೂ ಹೆಚ್ಚು ಮೊಲ, ದಿನಾ ಕುದುರೆ ಮೆಂತೆ ಕೊಯ್ದು ಹಾಕಿ ಹಾಕಿ ಸೊಂಟ ಹೋಯಿತು. ಕೊನೆಗೆ ಬೀಗರು, ಗೆಳೆಯರು, ಪಕ್ಕದ ಓಣಿಯವರು, ಎಲ್ಲರಿಗೂ ಮೊಲದ ಊಟ. ಹಾಗಾಗಿ ಅಡುಗೆ ಅನುಭವ ನನಗೆ ಬೇಡವೆಂದರೂ ಬಂತು.

ಅದರಿಂದ ಕಲಿತದ್ದು ಒಂದು, ವಯಸ್ಸು ನೋಡದೆ ಸಮಯ ಹೇಳಲು ಆಗುವುದಿಲ್ಲ. ಮೂರು ತಿಂಗಳ ಮೊಲಕ್ಕೆ ಅಕ್ಕ ಹೇಳಿದ ಒಂದು ತಾಸು ಸಾಕು. ನಾಲ್ಕು ಸಲ ಮರಿ ಹಾಕಿದ ಹೆಣ್ಣಾದರೆ ಎರಡು ತಾಸೂ ಹಿಡಿಯಬಹುದು. ಕೊಯ್ಯುವ ಮುಂಚೆ ಉಗುರು ನೋಡಿ, ಎಳೆಯದಾದರೆ ನುಣುಪಾಗಿ ಚೂಪಗೆ ಇದ್ದು ಕೂದಲಲ್ಲಿ ಮುಚ್ಚಿರುತ್ತದೆ, ಮುದಿಯಾದರೆ ಉದ್ದ, ಒರಟು. ಸಪ್ತಾಪುರದವರೇ, ನಿಮ್ಮದು ಎರಡು ಕೇಜಿ ಅಂದಿರಿ, ಎಳೆಯದೇ ಇರಬೇಕು. ಅದಕ್ಕೆ ಏಳು ಸೀಟಿ ಹೊಡೆಸಿದ್ದು ಅನ್ಯಾಯ.

ಕುಕ್ಕರ್ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗ್ಯಾಸ್ ಉಳಿಸಬೇಕು ಅಂದರೆ ಕಾಲುಗಳಿಗೆ ಮಾತ್ರ ಸಣ್ಣ ಉರಿಯಲ್ಲಿ ಎರಡು ಸೀಟಿ, ತಾನಾಗಿ ಹಬೆ ಇಳಿದ ಮೇಲೆ ತೆಗೆದು ಬೆನ್ನಿನ ತುಂಡು ಹಾಕಿ ತೆರೆದೇ ಬೇಯಿಸಿ.

ಖಾರಪ್ರಿಯ ಗದಗ:

ಇಷ್ಟೆಲ್ಲ ಯಾಕೆ, ಸಾವಜಿ ಮಸಾಲೆ ಎರಡು ಚಮಚ ಹಾಕಿ, ಮೇಲೆ ಬೆರಳು ದಪ್ಪ ಎಣ್ಣೆ ನಿಲ್ಲಲಿ. ಯಾವ ಖಂಡ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬೆಟಗೇರಿ ಅಕ್ಕ:

ಅದೇ ನನ್ನ ತಕರಾರು. ಯಾವ ಖಂಡ ಅಂತ ಗೊತ್ತಾಗದ ಮೇಲೆ ಮೊಲ ಯಾಕೆ ತರಬೇಕು? ಸಾವಜಿ ಖಾರ ಖೈಮಾಕ್ಕೆ, ಮಟನ್‌ಗೆ ಚಂದ, ನಾನೂ ಬೆಟಗೇರಿಯವಳೇ, ನನಗೆ ಹೇಳಿಕೊಡಬೇಡ. ಮೊಲದ ರುಚಿ ಸಣ್ಣದು, ಸ್ವಲ್ಪ ಸಿಹಿ. ಬ್ಯಾಡಗಿ ಹಾಕು ಅಂದದ್ದು ಅದಕ್ಕೇ, ಬಣ್ಣ ಕೊಡುತ್ತದೆ, ನಾಲಿಗೆ ಸುಡುವುದಿಲ್ಲ.

ಬ್ಯಾಡಗಿ ಹುಡುಗಿ, ಈಗ ಮಾಲ್ಟಾ:

ನಮ್ಮೂರಿನ ಮೆಣಸಿನಕಾಯಿ ಹೆಸರು ಕೇಳಿ ಒಳಗೆ ಬಂದೆ! ನಾನು ಇಲ್ಲಿ ನರ್ಸ್. ಈ ದೇಶದಲ್ಲಿ ಮೊಲ ಅಂದರೆ ನಮ್ಮಲ್ಲಿ ಹಬ್ಬಕ್ಕೆ ಹೋಳಿಗೆ ಇದ್ದ ಹಾಗೆ, ಇಲ್ಲಿನ ರಾಷ್ಟ್ರೀಯ ಅಡುಗೆ ಅಂತಲೇ ಹೇಳುತ್ತಾರೆ. ಸ್ತುಫಾತ್ ತಲ್ ಫೆನೆಕ್ ಅಂತ ಹೆಸರು, ಫೆನೆಕ್ ಅಂದರೆ ಮೊಲ. ನನ್ನ ಮನೆ ಮಾಲೀಕಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅಕ್ಕ ಹೇಳಿದ್ದಕ್ಕೂ ಅದಕ್ಕೂ ಹೆಚ್ಚು ಫರಕು ಇಲ್ಲ, ನನಗೇ ನಗು ಬಂತು.

ಅವರೂ ಹಿಂದಿನ ರಾತ್ರಿ ನೆನೆಸುತ್ತಾರೆ, ಮೊಸರಿನ ಬದಲು ಕೆಂಪು ವೈನ್, ಜಜ್ಜಿದ ಬೆಳ್ಳುಳ್ಳಿ, ಪಲಾವ್ ಎಲೆಯ ಹಾಗಿನ ಒಂದು ಎಲೆ. ಮರುದಿನ ಒರೆಸಿ ಎಣ್ಣೆಯಲ್ಲಿ ಹುರಿದು ಪಕ್ಕಕ್ಕೆ ಇಟ್ಟು, ಉಳ್ಳಾಗಡ್ಡಿ ಬಾಡಿಸಿ, ಟೊಮೆಟೊ, ಗಜ್ಜರಿ, ನೆನೆಸಿದ ವೈನನ್ನೂ ಸುರಿದು ಸಣ್ಣ ಉರಿಯಲ್ಲಿ ಬಿಡುತ್ತಾರೆ. ಕೊನೆಗೆ ಬಟಾಟೆ, ಹಸಿ ಬಟಾಣಿ. ಅವಸರ ಮಾಡುವುದೇ ಇಲ್ಲ, ಅಜ್ಜಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಊಟಕ್ಕೆ ಮೊದಲು ಆ ರಸವನ್ನು ಮಾತ್ರ ಸ್ಪಾಗೆಟ್ಟಿಗೆ ಕಲಸಿ ಕೊಡುತ್ತಾರೆ, ಅದು ಮುಗಿದ ಮೇಲೆ ಖಂಡ. ನಾನು ಮೊದಲ ಸಲ ಸ್ಪಾಗೆಟ್ಟಿಯೇ ಊಟ ಅಂದುಕೊಂಡು ಎರಡು ಸಲ ಹಾಕಿಸಿಕೊಂಡೆ, ಆಮೇಲೆ ಮೊಲ ಬಂದಾಗ ಹೊಟ್ಟೆಯಲ್ಲಿ ಜಾಗ ಇಲ್ಲ.

ವೈನ್ ಬೇಡ ಅನ್ನುವವರಿಗೆ ಹೇಳುತ್ತೇನೆ, ಅಲ್ಲಿ ಹುಳಿ ಬೇಕಿರುವುದು ಮುಖ್ಯ. ಊರಿಗೆ ಬಂದಾಗ ಮಾಡಿದರೆ ನಾಲ್ಕು ಹಣ್ಣಾದ ಟಮಾಟಿ, ಕೊನೆಗೆ ಒಂದು ಗೋಲಿಯಷ್ಟು ಹುಣಸೆಹಣ್ಣಿನ ರಸ ಹಾಕುತ್ತೇನೆ. ಮತ್ತೆ ಎಲ್ಲಿಂದ ತಂದರೂ ಬ್ಯಾಡಗಿ ಹಳೆಯದಾದರೆ ಬಣ್ಣ ಇಟ್ಟಿಗೆ ಹಾಗೆ ಮಂಕಾಗಿರುತ್ತದೆ, ಮುರಿದು ಮೂಸಿ ನೋಡಿ ಕೊಳ್ಳಿ. ನಮ್ಮೂರಿನ ಕಾಯಿಗೆ 2011ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಎನ್ನುವ ಸರ್ಕಾರಿ ಗುರುತು, ಸಿಕ್ಕಿದೆ ಸರಿ, ಆದರೆ ಅಂಗಡಿಯ ಚೀಲದ ಮೇಲೆ ಬ್ಯಾಡಗಿ ಅಂತ ಬರೆದದ್ದೆಲ್ಲ ಬ್ಯಾಡಗಿಯಲ್ಲ.

ಹಳೇ ಹುಬ್ಬಳ್ಳಿ ಹುರಿಗಾಳು:

ಗೌಡರೇ, ತಿಳಿಸಿದ್ದಕ್ಕೆ ಥ್ಯಾಂಕ್ಸ್. ನಮ್ಮ ಪರಿಚಯದವರದು ಕಾಡಿನದೇ, ಈಗ ಅರ್ಥವಾಯಿತು. ನನಗಂತೂ ಆ ಕಿವಿ ನೋಡಿದರೆ ತಿನ್ನಲು ಮನಸ್ಸು ಬರುವುದಿಲ್ಲ, ಬದನೆಕಾಯಿ ಎಣಗಾಯಿಯೇ ಸಾಕು ಮಾರಾಯರೇ. ಆದರೆ ಆ ಸುಟ್ಟ ಕೊಬ್ಬರಿ ಮಸಾಲೆ ಎಣಗಾಯಿಗೆ ನಡೆಯುತ್ತದಾ?

ಬೆಟಗೇರಿ ಅಕ್ಕ:

ನಡೆಯುತ್ತದೆ. ಲವಂಗ, ದಾಲ್ಚಿನ್ನಿ ಬಿಡು, ಗುರೆಳ್ಳು ಪುಡಿ, ಶೇಂಗಾ ಪುಡಿ ಸೇರಿಸು.

ಸಪ್ತಾಪುರ ಬಾಡಿಗೆದಾರ:

ಭಾನುವಾರ ರಾತ್ರಿ ಹನ್ನೊಂದಾಗಿದೆ, ವರದಿ ಕೊಡದೆ ಮಲಗಬಾರದು ಅಂತ ಬರೆಯುತ್ತಿದ್ದೇನೆ.

ಗೆಳೆಯನಿಗೆ ಫೋನ್ ಮಾಡಿ ಕೇಳಿದೆ, ಮೂರೂವರೆ ತಿಂಗಳಿನದು ಅಂದ. ಕೀಲು ಹುಡುಕುವುದೇ ಅರ್ಧ ತಾಸು ಹಿಡಿಯಿತು, ಆದರೆ ಮುಂಗಾಲು ಅಕ್ಕ ಹೇಳಿದ ಹಾಗೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಬಂತು. ಬೆಳ್ಳಿ ಪೊರೆ ಪೂರ್ತಿ ಬರಲಿಲ್ಲ, ಅಲ್ಲಲ್ಲಿ ಹರಿದು ಉಳಿಯಿತು. ಕೊಬ್ಬರಿ ಉರಿಗೆ ಹಿಡಿದಾಗ ದಗ್ ಅಂತ ಹೊತ್ತಿಕೊಂಡು ಕೈಗೆ ಸ್ವಲ್ಪ ತಾಗಿತು, ಇಕ್ಕಳದಲ್ಲಿ ಹಿಡಿ ಅಂತ ಯಾರೂ ಹೇಳಲಿಲ್ಲ ನೋಡಿ! ವಾಸನೆಗೆ ಮೇಲಿನ ಮನೆಯವರು ಇಳಿದು ಬಂದು ಏನು ಸುಡುತ್ತಿದ್ದೀರಿ ಅಂತ ಕೇಳಿದರು.

ಒಂದು ತಪ್ಪು ಮಾಡಿದೆ. ಮೊಸರಿಗೆ ಉಪ್ಪು ಹಾಕಿದ್ದು ಮರೆತು ಮಸಾಲೆಗೂ ಪೂರ್ತಿ ಅಳತೆ ಹಾಕಿದೆ. ಬ್ಯಾಡಗಿ ಹುಡುಗಿ ಹೇಳಿದ ಬಟಾಟೆ ನೆನಪಾಗಿ ಎರಡು ಕತ್ತರಿಸಿ ಹಾಕಿದೆ, ಬಿಸಿನೀರೂ ಇನ್ನೊಂದು ಬಟ್ಟಲು ಸುರಿದೆ, ಸ್ವಲ್ಪ ಸರಿಹೋಯಿತು. ಆ ಬಟಾಟೆ ಖಂಡಕ್ಕಿಂತ ಮೊದಲು ಖಾಲಿ ಆಯಿತು, ಅದು ಬೇರೆ ಮಾತು.

ತಾಟಿನ ಮೇಲೆ ನೀರು ಇಡುವುದು ಮಾತ್ರ ಭಾರಿ ಉಪಾಯ. ನಲವತ್ತು ನಿಮಿಷಕ್ಕೆ ಆ ನೀರು ಕೈ ಇಡಲಾಗದಷ್ಟು ಬಿಸಿ, ಕೆಳಗೆ ರಸ ಕಡಿಮೆಯೇ ಆಗಿರಲಿಲ್ಲ. ಹಿಂಗಾಲು ಒಂದು ತಾಸು ಹತ್ತು ನಿಮಿಷಕ್ಕೆ ಚಮಚ ತಾಗಿಸಿದರೆ ಎಲುಬು ಬಿಡುವ ಹಾಗಾಯಿತು. ಬೆನ್ನು ಇಪ್ಪತ್ತೈದು ನಿಮಿಷಕ್ಕೆ ತೆಗೆದೆ, ಮೆತ್ತಗಿತ್ತು, ಆದರೂ ನನ್ನ ಲೆಕ್ಕದಲ್ಲಿ ಕಾಲೇ ರುಚಿ. ರಸ ಕೆಂಪಗೆ, ಅಂಚಿನಲ್ಲಿ ಎಣ್ಣೆ, ರೊಟ್ಟಿ ಮುರಿದು ಅದ್ದಿದರೆ ಬೆರಳಿಗೂ ಅಂಟಿತು. ಹೆಂಡತಿ ಖಂಡ ಮುಟ್ಟಲಿಲ್ಲ, ಬಟಾಟೆ ಹಾಕಿಸಿಕೊಂಡಳು. ಅದರಲ್ಲಿ ರಸವೂ ಇತ್ತು, ನಾನು ಏನೂ ಹೇಳಲಿಲ್ಲ.

ಎರಡು ಕಾಲು, ಒಂದು ಬಟ್ಟಲು ರಸ ಉಳಿದಿದೆ, ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ನಾಳೆ ಕುದಿಸಿದರೆ ಮತ್ತೆ ನಾರಾಗುತ್ತದಾ?

ಗೂಡಿನ ಗೌಡ:

ಆಗುತ್ತದೆ, ಗಳಗಳ ಕುದಿಸಿದರೆ. ಕಾಲಿನ ಖಂಡವನ್ನು ತಣ್ಣಗಿರುವಾಗಲೇ ಎಲುಬಿನಿಂದ ಬಿಡಿಸಿ ತೆಗೆದಿಡಿ. ರಸವನ್ನು ಮಾತ್ರ ಚೆನ್ನಾಗಿ ಕುದಿಸಿ, ಉರಿ ಸಣ್ಣ ಮಾಡಿ ಖಂಡ ಹಾಕಿ, ಐದು ನಿಮಿಷ ಮುಚ್ಚಿ, ಒಳಗೆಲ್ಲ ಬಿಸಿ ಆಯಿತಾ ನೋಡಿ ಇಳಿಸಿ. ನಾವು ಅರವತ್ತು ಮೊಲ ತಿಂದ ಕಾಲದಲ್ಲಿ ಮರುದಿನದ ರಸಕ್ಕೆ ಅನ್ನ ಕಲಸುತ್ತಿದ್ದೆವು, ರೊಟ್ಟಿಗಿಂತ ಅದೇ ಮೇಲು.

ಬೆಟಗೇರಿ ಅಕ್ಕ:

ಅನ್ನ ಅಂತೆ. ತಮ್ಮಾ, ಹಳೇ ಕಟಕ ರೊಟ್ಟಿ ಇದ್ದರೆ ಬಟ್ಟಲಲ್ಲಿ ಮುರಿದು ಹಾಕಿ ಬಿಸಿ ರಸ ಸುರಿದು ಎರಡು ನಿಮಿಷ ಬಿಡು. ಕೈಗೆ ಸುಟ್ಟಲ್ಲಿ ಏನಾದರೂ ಹಚ್ಚಿದೆಯಾ?